ಅರ್ಧ ಶತಮಾನ ಕಾದ ಒಂದು ಕಲ್ಲು

ಮುಂದೆ ಹೋಗುತ್ತಿರುವ ಬಸ್ಸಿನ ಹಿಂಬದಿಯಲ್ಲಿ ಕೆಂಪು ದೀಪ ಹೊತ್ತಿಕೊಂಡರೆ ನಾವು ತಟ್ಟನೆ ಸ್ಕೂಟರಿನ ಬ್ರೇಕ್ ಒತ್ತುತ್ತೇವೆ. ಹಳದಿ ದೀಪ ಮಿನುಗಿದರೆ ಅದು ಯಾವ ಕಡೆ ತಿರುಗಲಿದೆ ಎಂದು ತಿಳಿದುಕೊಳ್ಳುತ್ತೇವೆ. ಇಂಥದೊಂದು ಏರ್ಪಾಡನ್ನು ಮೊದಮೊದಲು ರೂಪಿಸಿದವರಲ್ಲಿ ಒಬ್ಬಳು ಸಿನಿಮಾ ನಟಿ ಎಂದರೆ ನನ್ನ ತರಗತಿಯ ಹುಡುಗರು ನಂಬುವುದಿಲ್ಲ. ಆ ನಟಿಯ ಸಮಾಧಿಯ ಮೇಲೆ 1991ರವರೆಗೆ ಹೆಸರು ಕೊರೆದ ಒಂದು ಕಲ್ಲೂ ಇರಲಿಲ್ಲ ಎಂದರೆ ದೊಡ್ಡವರೂ ನಂಬಲಾರರು.

ಆಕೆಯೇ ಫ್ಲಾರೆನ್ಸ್ ಲಾರೆನ್ಸ್. ಹುಟ್ಟಿದ್ದು 1886ರಲ್ಲಿ, ಕೆನಡಾದ ಹ್ಯಾಮಿಲ್ಟನ್ ನಗರದಲ್ಲಿ. ತಾಯಿ ನಾಟಕದವಳು. ಹೀಗಾಗಿ ಮಗಳೂ ಎಳೆಯ ವಯಸ್ಸಿನಲ್ಲೇ ರಂಗಕ್ಕೆ ಬಂದಳು. 1906ರ ಹೊತ್ತಿಗೆ ಎಡಿಸನ್ ಕಂಪೆನಿಯ ಮೂಕಚಿತ್ರದಲ್ಲಿ, ಮುಂದೆ ವಿಟಾಗ್ರಾಫ್ ಕಂಪೆನಿಯಲ್ಲಿ ನಟಿಸಿದಳು. 1908ರಲ್ಲಿ ಬಯೋಗ್ರಾಫ್ ಕಂಪೆನಿ ಸೇರಿದಳು. ಅಲ್ಲಿ ಆಕೆಯ ನಿರ್ದೇಶಕ ಡಿ.ಡಬ್ಲ್ಯು. ಗ್ರಿಫಿತ್.

ಹೆಸರಿಲ್ಲದ ತಾರೆ

ಆ ಕಾಲದ ಚಿತ್ರಗಳಲ್ಲಿ ನಟನಟಿಯರ ಹೆಸರು ಹಾಕುವ ಪದ್ಧತಿ ಇರಲಿಲ್ಲ. ಹೆಸರು ಬೆಳೆದರೆ ಸಂಬಳವೂ ಬೆಳೆಯುತ್ತದೆಂಬ ಅಂಜಿಕೆ ಕಂಪೆನಿಗಳಿಗಿತ್ತು. ಆದರೆ ಮುಖವನ್ನು ಮುಚ್ಚಿಡಲಾದೀತೆ? ಪ್ರೇಕ್ಷಕರು ಆಕೆಯನ್ನು ಗುರುತು ಹಿಡಿದರು, ಯಾರೀಕೆ ಎಂದು ಪತ್ರ ಬರೆದು ಕೇಳಿದರು. ಹೆಸರು ಗೊತ್ತಿಲ್ಲದ್ದರಿಂದ ‘ಬಯೋಗ್ರಾಫ್ ಹುಡುಗಿ’ ಎಂದೇ ಕರೆದರು.

ಕಾರ್ಲ್ ಲೆಮ್ಲೆ ಎಂಬ ನಿರ್ಮಾಪಕ ಆಕೆಯನ್ನು ತನ್ನ ಕಂಪೆನಿಗೆ ಕರೆದುಕೊಂಡ. 1910ರಲ್ಲಿ, ಆಕೆ ಟ್ರಾಮಿಗೆ ಸಿಕ್ಕಿ ಸತ್ತಳೆಂಬ ಸುದ್ದಿ ಹಬ್ಬಿತು. ಅದು ಸುಳ್ಳೆಂದು ಲೆಮ್ಲೆ ಜಾಹೀರಾತು ಕೊಟ್ಟ, ಸೇಂಟ್ ಲೂಯಿಸ್ ನಗರಕ್ಕೆ ಆಕೆಯನ್ನು ಕಳುಹಿಸಿದ. ನೋಡಲು ಜನ ಮುಗಿಬಿದ್ದರು. ಸುಳ್ಳನ್ನು ಹಬ್ಬಿಸಿದವನೂ ಲೆಮ್ಲೆಯೇ ಎಂದು ಹೆಚ್ಚಿನ ಇತಿಹಾಸಕಾರರ ಅಭಿಪ್ರಾಯ. ಅದೇನೇ ಇರಲಿ, ಮುಖದ ಜೊತೆಗೆ ಹೆಸರೂ ಊರೂರಿಗೆ ಪ್ರಚಾರವಾದ ಮೊದಲ ಚಿತ್ರತಾರೆ ಎಂದು ಆಕೆಯನ್ನು ಗುರುತಿಸುತ್ತಾರೆ.

ಗುಂಡಿ ಒತ್ತಿದರೆ ಬಾವುಟ

ವಿಜ್ಞಾನದ ಮೇಷ್ಟರಾದ ನನಗೆ ಹೆಚ್ಚು ಇಷ್ಟವಾಗುವುದು ಆಕೆಯ ಕಾರಿನ ಹುಚ್ಚು. 1914ರ ಸುಮಾರಿಗೆ ಆಕೆ ಒಂದು ‘ಸಂಕೇತದ ಕೈ’ ರೂಪಿಸಿದಳು. ಚಾಲಕ ಗುಂಡಿ ಒತ್ತಿದರೆ ಕಾರಿನ ಹಿಂದೆ ಬಾವುಟದಂಥ ತೋಳು ಎದ್ದು, ತಿರುಗುವ ದಿಕ್ಕನ್ನು ತೋರಿಸುತ್ತಿತ್ತು. ಬ್ರೇಕ್ ತುಳಿದರೆ ‘ನಿಲ್ಲಿ’ ಎಂಬ ಫಲಕ ಏಳುತ್ತಿತ್ತು. ಈ ದಿಕ್ಕಿನಲ್ಲಿ ಯೋಚಿಸಿದವಳು ಆಕೆಯೊಬ್ಬಳೇ ಅಲ್ಲ, ನಿಜ. ಆದರೆ ತಾಯಿ ಷಾರ್ಲೆಟ್ ಬ್ರಿಜ್‌ವುಡ್ ಕಾರಿನ ಗಾಜು ಒರೆಸುವ ವಿದ್ಯುತ್ ಸಾಧನಕ್ಕೆ 1917ರಲ್ಲಿ ಪೇಟೆಂಟ್ ಪಡೆದಳು. ಮಗಳು ತನ್ನ ಸಂಕೇತಗಳಿಗೆ ಪಡೆಯಲಿಲ್ಲ. ಕಾಗದದಲ್ಲಿ ದಾಖಲಾಗದ ಕೆಲಸ ಊರ ಸೊತ್ತಾಗಿಬಿಡುತ್ತದೆ.

ಇದರ ನಡುವೆ, ಬೆಂಕಿಯ ದೃಶ್ಯವೊಂದರ ಚಿತ್ರೀಕರಣದಲ್ಲಿ ಸುಟ್ಟಗಾಯವಾಗಿ ಬೆನ್ನಿಗೂ ಪೆಟ್ಟಾಯಿತು. ಚೇತರಿಸಿಕೊಂಡು ಮರಳುವಷ್ಟರಲ್ಲಿ ಪರದೆ ಹೊಸಬರ ಪಾಲಾಗಿತ್ತು. ಸುಮಾರು 300 ಚಿತ್ರಗಳಲ್ಲಿ ನಟಿಸಿದ್ದವಳು ಕೊನೆಗೆ ಎಂ.ಜಿ.ಎಂ. ಸ್ಟುಡಿಯೋದಲ್ಲಿ ವಾರಕ್ಕೆ 75 ಡಾಲರಿಗೆ ಚಿಲ್ಲರೆ ಪಾತ್ರ ಮಾಡಿದಳು. ಮೂಳೆಮಜ್ಜೆಯ ಕಾಯಿಲೆ ಬೇರೆ. 1938ರ ಡಿಸೆಂಬರ್ 28ರಂದು ಬೇಸತ್ತು ತಾನೇ ಪ್ರಾಣ ಕಳೆದುಕೊಂಡಳು. ಹಾಲಿವುಡ್ಡಿನ ರುದ್ರಭೂಮಿಯಲ್ಲಿ ಗುರುತಿಲ್ಲದ ಮಣ್ಣಿನಡಿ ಆಕೆಯನ್ನು ಇಟ್ಟರು. ಅದೇ ಹೊತ್ತಿಗೆ ಅಮೆರಿಕದ ಬ್ಯೂಕ್ ಕಂಪೆನಿ 1939ರ ಕಾರುಗಳಿಗೆ ಮಿನುಗುವ ತಿರುವು ದೀಪ ಅಳವಡಿಸುತ್ತಿತ್ತು.

ಕಲ್ಲಿನ ಮೇಲೊಂದು ತಪ್ಪು

1991ರಲ್ಲಿ, ಹೆಸರು ಹೇಳಿಕೊಳ್ಳದ ಬ್ರಿಟಿಷ್ ನಟನೊಬ್ಬ ಹಣ ಕೊಟ್ಟು ಅಲ್ಲೊಂದು ಕಲ್ಲು ಹಾಕಿಸಿದ. ಹಳೆಯ ಚಿತ್ರಗಳ ರಕ್ಷಣೆಗೆ ದುಡಿದ ರೊಡ್ಡಿ ಮೆಕ್‌ಡೊವಾಲ್ ಆತನೆಂದು ಹೇಳುತ್ತಾರೆ. ಆಕೆಯ ಹೆಸರು, ‘ಬಯೋಗ್ರಾಫ್ ಹುಡುಗಿ’, ‘ಮೊದಲ ಚಿತ್ರತಾರೆ’ ಎಂಬ ಮಾತುಗಳು ಅದರ ಮೇಲಿವೆ. ದೊಡ್ಡ ಮನಸ್ಸಿನ ಕೆಲಸ, ಸಂದೇಹವಿಲ್ಲ. ಆದರೆ ಹುಟ್ಟಿದ ವರ್ಷ 1890 ಎಂದು ಕೊರೆದಿದ್ದಾರೆ. ನಾಲ್ಕು ವರ್ಷದ ವ್ಯತ್ಯಾಸ. ಕಾರಿನ ಸಂಕೇತದ ಮಾತು ಅಲ್ಲಿಲ್ಲ. ಹೆಸರು ಮರೆಮಾಡಿದ್ದ ಕಂಪೆನಿಯ ಹೆಸರು ಮಾತ್ರ ಆಕೆಯ ಜೊತೆಗೇ ಕಲ್ಲೇರಿದೆ!

ಇನ್ನೊಂದು ಸ್ಮಾರಕವೂ ಸವೆಯುತ್ತಿದೆ. ಆ ಕಾಲದ ಚಿತ್ರಸುರುಳಿಗಳನ್ನು ನೈಟ್ರೋಸೆಲ್ಯುಲೋಸ್‌ನಿಂದ ಮಾಡುತ್ತಿದ್ದರು. ಅದು ಬೇಗ ಹೊತ್ತಿಕೊಳ್ಳುತ್ತದೆ. ಬೆಂಕಿ ತಗುಲದಿದ್ದರೂ ತಾನಾಗಿ ಕೊಳೆಯುತ್ತದೆ. ಕೊಳೆತಾಗ ಹೊರಬರುವ ಆಮ್ಲೀಯ ಅನಿಲ ಕೊಳೆಯುವಿಕೆಯನ್ನು ಮತ್ತಷ್ಟು ಚುರುಕುಗೊಳಿಸುತ್ತದೆ. ಮೂಕಚಿತ್ರಗಳಲ್ಲಿ ಬಹುಪಾಲು ಹೀಗೆಯೇ ಅಥವಾ ಅಲಕ್ಷ್ಯದಿಂದ ನಾಶವಾದವು. ನಟಿಗೆ ಕಲ್ಲು ಹಾಕಿಸುವುದು ಎಷ್ಟು ಮುಖ್ಯವೋ, ಉಳಿದ ಸುರುಳಿಯನ್ನು ತಂಪಾದ ಒಣ ಕೋಣೆಯಲ್ಲಿ ಕಾಪಾಡಿ ಪ್ರತಿ ತೆಗೆಯುವುದೂ ಅಷ್ಟೇ ಮುಖ್ಯ.

ನಮ್ಮ ಹಳ್ಳಿಗಳ ಗದ್ದೆಬದುಗಳಲ್ಲಿ ವೀರಗಲ್ಲುಗಳಿವೆ. ಅಕ್ಷರವಿದ್ದ ಕಲ್ಲು ಯಾರದೆಂದು ಹೇಳಬಹುದು, ಅಕ್ಷರವಿಲ್ಲದ್ದು ಬಟ್ಟೆ ಒಗೆಯುವ ಕಲ್ಲಾಗುವುದೂ ಉಂಟು. ನಿಮ್ಮ ಊರಿನಲ್ಲೂ ಹಳೆಯ ನಾಟಕ ಕಂಪೆನಿಯ ನಟಿಯೋ, ಹಾರ್ಮೋನಿಯಂ ಮೇಷ್ಟರೋ ಮಣ್ಣಾಗಿರಬಹುದು. ಚಂದಾ ಎತ್ತಿ ಕಲ್ಲು ಹಾಕಿಸುವ ಮುನ್ನ, ಅವರನ್ನು ಕಂಡ ಹಿರಿಯರು ಇರುವಾಗಲೇ ಮೂರು ಸಂಗತಿ ಬರೆದಿಟ್ಟುಕೊಳ್ಳಿ: ಹೆಸರು, ಇಸವಿ, ಮಾಡಿದ ಕೆಲಸ. ಶಾಲೆಯ ದಾಖಲೆಯೊಂದಿಗೆ ಒಮ್ಮೆ ತಾಳೆ ನೋಡಿ. ಕಲ್ಲಿನ ಮೇಲೆ ಕೊರೆದ ತಪ್ಪನ್ನು ತಿದ್ದುವುದು ಕಷ್ಟ.