ಮಂತ್ರಶಕ್ತಿಯ ಮಿತಿ: ಕಂಪ್ಯೂಟರ್ ಆಟಗಳಲ್ಲಿಯೂ ಕನ್ನಡ ಕಾವ್ಯಗಳಲ್ಲಿಯೂ

ಬೆಂಗಳೂರಿನ ಹೊರವಲಯದಲ್ಲಿರುವ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಮೊದಲಾದ ಪ್ರದೇಶಗಳ ಕಾಲೇಜುಗಳಲ್ಲಿ ಪಾಠ ಹೇಳುವವರಿಗೆ ಒಂದು ಸಂಗತಿ ಅನುಭವಕ್ಕೆ ಬಂದಿರಬಹುದು. ಕರ್ಣನಿಗೆ ಪರಶುರಾಮನು ಕೊಟ್ಟ ಶಾಪವೇನೆಂದು ಕೇಳಿದರೆ ತಡವರಿಸುವ ವಿದ್ಯಾರ್ಥಿಯು, ಕಂಪ್ಯೂಟರ್ ಆಟವೊಂದರ ಮಾಂತ್ರಿಕನು ಯಾವ ಮಂತ್ರವನ್ನು ಎಷ್ಟು ಸಲ ಪ್ರಯೋಗಿಸಬಲ್ಲನೆಂಬುದನ್ನು ತಪ್ಪಿಲ್ಲದೆ ಹೇಳುತ್ತಾನೆ. ಇದನ್ನು ಕಂಡು ವ್ಯಥೆಪಡುವವರುಂಟು. ಆದರೆ ವಿಚಾರಮಾಡಿ ನೋಡಿದರೆ ಎರಡೂ ಒಂದೇ ಪ್ರಶ್ನೆಗೆ ದೊರೆತ ಉತ್ತರಗಳು: ಅಲೌಕಿಕವಾದ ಶಕ್ತಿಗೆ ಮಿತಿ ಯಾವುದು? ಈ ಪ್ರಶ್ನೆಯನ್ನು ಆಟಗಳೂ ನಮ್ಮ ಕಾವ್ಯಗಳೂ ಹೇಗೆ ಬಿಡಿಸಿವೆಯೆಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮಿತಿಯ ಅವಶ್ಯಕತೆ ಸ್ಪಷ್ಟವಾಗಿಯೇ ಇದೆ. ಬಾಯಿಮಾತಿನಿಂದ ಶತ್ರುಗಳನ್ನು ಸುಡಬಲ್ಲವನಿಗೆ ತಡೆಯೇ ಇಲ್ಲದಿದ್ದರೆ ಕತ್ತಿ ಹಿಡಿದವನಿಗೆ ಕೆಲಸವಿರುವುದಿಲ್ಲ. ಆಟಕ್ಕೆ ಕುತೂಹಲವೂ ಕಥೆಗೆ ಸಂಕಟವೂ ಉಳಿಯುವುದಿಲ್ಲ. ಅಮೆರಿಕದಲ್ಲಿ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಇದಕ್ಕೊಂದು ಉಪಾಯವನ್ನು ಕಂಡುಕೊಂಡಿತು. ಜ್ಯಾಕ್ ವ್ಯಾನ್ಸ್ ಎಂಬ ಕಾದಂಬರಿಕಾರನ 1950ರ ‘ದಿ ಡೈಯಿಂಗ್ ಅರ್ತ್’ ಕೃತಿಯಲ್ಲಿ ಮಾಂತ್ರಿಕನು ಕೆಲವೇ ಮಂತ್ರಗಳನ್ನು ಕಷ್ಟಪಟ್ಟು ಕಂಠಸ್ಥಮಾಡಿಕೊಳ್ಳುತ್ತಾನೆ. ಉಚ್ಚರಿಸಿದೊಡನೆ ಅದು ಅವನ ಮನಸ್ಸಿನಿಂದ ಅಳಿಸಿಹೋಗುತ್ತದೆ. ಈ ಕಲ್ಪನೆಯೇ ಆಟದ ನಿಯಮವಾಯಿತು. 1981ರ ‘ವಿಜರ್ಡ್ರಿ’ ಎಂಬ ಕಂಪ್ಯೂಟರ್ ಆಟದಲ್ಲಿ ಮಂತ್ರಗಳನ್ನು ಏಳು ಶ್ರೇಣಿಗಳಾಗಿ ವಿಂಗಡಿಸಿ, ಒಂದೊಂದು ಶ್ರೇಣಿಗೂ ಪ್ರಯೋಗಗಳ ಸಂಖ್ಯೆಯನ್ನು ಗೊತ್ತುಮಾಡಲಾಯಿತು. ಮುಗಿದುಹೋದ ಮಂತ್ರಗಳು ಛತ್ರದಲ್ಲಿ ತಂಗಿ ವಿಶ್ರಮಿಸಿದ ಮೇಲೆ ಮರಳಿ ಬರುತ್ತಿದ್ದವು.

ಎರಡನೆಯ ಪದ್ಧತಿ ಶಕ್ತಿಯನ್ನು ದ್ರವದಂತೆ ಅಳೆಯುವುದು. ಜಪಾನಿನ ‘ಡ್ರ್ಯಾಗನ್ ಕ್ವೆಸ್ಟ್’ (1986) ಆಟದಲ್ಲಿ ಪ್ರತಿಯೊಂದು ಮಂತ್ರಕ್ಕೂ ಇಷ್ಟು ಅಂಕಗಳೆಂದು ವೆಚ್ಚವಿದೆ. ಅನೇಕ ಆಟಗಳಲ್ಲಿ ಈ ದಾಸ್ತಾನಿಗೆ ‘ಮನ’ ಎಂದು ಹೆಸರು. ಅದು ನಮ್ಮ ‘ಮನಸ್ಸು’ ಅಲ್ಲ. ಪೆಸಿಫಿಕ್ ದ್ವೀಪವಾಸಿಗಳ ನಂಬಿಕೆಯಿಂದ ಬಂದ ಮಾತು. ಕಾಡ್ರಿಂಗ್ಟನ್ ಎಂಬ ಪಾದ್ರಿಯು 1891ರ ತನ್ನ ಗ್ರಂಥದಲ್ಲಿ ಅದನ್ನು ವಿವರಿಸಿದ್ದನು. ಒಂದು ಜನಾಂಗದ ಪವಿತ್ರಭಾವನೆ ಹೀಗೆ ಪರದೆಯ ಮೂಲೆಯ ನೀಲಿ ಪಟ್ಟಿಯಾಯಿತು.

ಈಗ ನಮ್ಮ ಕಡೆಗೆ ತಿರುಗೋಣ. ಭಾರತಕಥೆಯಲ್ಲಿ ಸಂಖ್ಯೆಯ ಮಿತಿಯೂ ಇಲ್ಲದಿಲ್ಲ. ಕವಚಕುಂಡಲಗಳನ್ನಿತ್ತು ಕರ್ಣನು ಇಂದ್ರನಿಂದ ಪಡೆದ ಶಕ್ತ್ಯಾಯುಧ ಒಂದೇ ಪ್ರಯೋಗಕ್ಕೆ ಮೀಸಲು. ಅರ್ಜುನನಿಗಾಗಿ ಕಾದಿಟ್ಟಿದ್ದ ಅದನ್ನು ಅವನು ರಾತ್ರಿಯುದ್ಧದಲ್ಲಿ ಘಟೋತ್ಕಚನ ಮೇಲೆ ಬಿಡಬೇಕಾಯಿತು. ಕಡೆಯ ಕಾಳಗಕ್ಕೆಂದು ಉತ್ತಮ ಮಂತ್ರವನ್ನು ಕೂಡಿಟ್ಟು, ನಡುವೆಯೇ ಅದನ್ನು ಕಳೆದುಕೊಂಡ ಆಟಗಾರನಿಗೆ ಈ ಸಂಕಟ ಬೇಗನೆ ಅರ್ಥವಾಗುತ್ತದೆ. ಆದರೆ ಅದೇ ಕರ್ಣನ ಬ್ರಹ್ಮಾಸ್ತ್ರ ವಿಫಲವಾದುದು ಲೆಕ್ಕ ಮುಗಿದುದರಿಂದಲ್ಲ. ಗುರುವಿಗೆ ಸುಳ್ಳು ಹೇಳಿ ಕಲಿತುದರಿಂದ. ಅಶ್ವತ್ಥಾಮನು ಅಸ್ತ್ರವನ್ನು ಬಿಡಬಲ್ಲನು, ಹಿಂತೆಗೆದುಕೊಳ್ಳಲಾರನು. ಅರ್ಜುನನು ಎರಡನ್ನೂ ಬಲ್ಲನು. ಇಬ್ಬರಿಗೂ ವಿದ್ಯೆ ಒಂದೇ, ಭೇದವಿರುವುದು ಸಂಯಮದಲ್ಲಿ.

ಜೈನಕಾವ್ಯಗಳ ವಿದ್ಯಾಧರರು ಈ ವಿಷಯದಲ್ಲಿ ಇನ್ನೂ ಗಮನಾರ್ಹರು. ಅಲ್ಲಿ ರಾವಣನು ರಾಕ್ಷಸನಲ್ಲ. ತಪಸ್ಸಿನಿಂದ ವಿದ್ಯೆಗಳನ್ನು ಸಾಧಿಸಿದ ವಿದ್ಯಾಧರ ಚಕ್ರವರ್ತಿ. ನಾಗಚಂದ್ರನ ‘ರಾಮಚಂದ್ರ ಚರಿತ ಪುರಾಣ’ದಲ್ಲಿ ಅವನು ಯುದ್ಧದ ನಡುವೆ ಬಹುರೂಪಿಣೀ ವಿದ್ಯೆಯನ್ನು ಸಾಧಿಸಿಕೊಂಡು ಸೀತೆಯ ಮುಂದೆ ಬರುತ್ತಾನೆ. ಅವಳು ಭಯದಿಂದ ಮೂರ್ಛೆಹೋಗುತ್ತಾಳೆ. ಅದನ್ನು ಕಂಡು ಅವನಿಗೆ ಪಶ್ಚಾತ್ತಾಪವುಂಟಾಗುತ್ತದೆ. ವಿದ್ಯೆ ಪೂರ್ಣವಾಗಿ ಕೈಗೂಡಿದ ಗಳಿಗೆಯಲ್ಲಿಯೇ, ತಾನು ಬಯಸಿದ ಒಂದನ್ನು ಅದರಿಂದ ಪಡೆಯಲಾಗದೆಂದು ಅವನು ಅರಿಯುತ್ತಾನೆ. ಇಲ್ಲಿ ಶಕ್ತಿಯ ಮಿತಿ ಮತ್ತೊಬ್ಬರ ಮನಸ್ಸು.

ಪಾಶ್ಚಾತ್ಯರ ಆಟಗಳಲ್ಲಿ ನೀತಿಯ ಮಿತಿಯೇ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. ರಿಚರ್ಡ್ ಗ್ಯಾರಿಯಟ್ ರಚಿಸಿದ ‘ಅಲ್ಟಿಮಾ 4’ (1985) ಆಟದಲ್ಲಿ ಎಂಟು ಸದ್ಗುಣಗಳನ್ನು ಸಾಧಿಸುವುದೇ ಗುರಿ. ಬೆಲ್ಜಿಯಂ ದೇಶದ ಸಂಸ್ಥೆಯೊಂದು 2023ರಲ್ಲಿ ಹೊರತಂದ ‘ಬಾಲ್ಡರ್ಸ್ ಗೇಟ್ 3’ರಲ್ಲಿ ಓದಿ ಕಲಿತವನು, ಹುಟ್ಟಿನಿಂದ ಪಡೆದವನು, ದೇವರಿಂದ ಪಡೆದವನು, ಒಪ್ಪಂದಮಾಡಿಕೊಂಡು ಪಡೆದವನು ಎಂದು ಮಾಂತ್ರಿಕರಲ್ಲಿ ಭೇದಗಳಿವೆ. ಕಡೆಯವನು ತನಗೆ ಶಕ್ತಿ ಕೊಟ್ಟವರ ಹಂಗಿನಲ್ಲಿರುತ್ತಾನೆ. ಆದರೂ ಒಂದು ತೊಡಕು ಉಳಿಯುತ್ತದೆ. ಆಟಗಾರನು ಆಟವನ್ನು ‘ಸೇವ್’ ಮಾಡಿಟ್ಟುಕೊಂಡು, ತಪ್ಪಿದಲ್ಲಿಂದ ಹಿಂದಿರುಗಿ ಬೇರೊಂದು ದಾರಿ ಹಿಡಿಯಬಹುದು. ಪರಶುರಾಮನ ಮುಂದೆ ಮತ್ತೊಮ್ಮೆ ನಿಂತು ನಿಜವನ್ನು ಹೇಳುವ ಅವಕಾಶ ಕರ್ಣನಿಗಿದ್ದಿದ್ದರೆ ಶಾಪಕ್ಕೆ ಅರ್ಥವೆಲ್ಲಿರುತ್ತಿತ್ತು? ಶಾಪವನ್ನು ಆಟದ ನಿಯಮವಾಗಿಸುವುದು ಕಠಿನವಾಗಿರುವುದು ಈ ಕಾರಣದಿಂದಲೇ.

ಇದು ಕೇವಲ ಕುತೂಹಲದ ವಿಷಯವಲ್ಲ. ಬೆಂಗಳೂರಿನಲ್ಲಿ 1997ರಲ್ಲಿ ಆರಂಭವಾದ ಧ್ರುವ ಇಂಟರ್‌ಆಕ್ಟಿವ್ ಸಂಸ್ಥೆಯ ಕಲಾವಿದರು ಬಹುಕಾಲ ವಿದೇಶದ ಆಟಗಳಿಗೆ ಚಿತ್ರಗಳನ್ನು ರಚಿಸಿಕೊಟ್ಟರು. 2019ರಲ್ಲಿ ಆ ಸಂಸ್ಥೆ ರಾಕ್‌ಸ್ಟಾರ್ ಗೇಮ್ಸ್ ಕಂಪನಿಯ ವಶವಾಯಿತು. ಕರ್ನಾಟಕ ಸರ್ಕಾರವು 2012ರಲ್ಲಿಯೂ ಮತ್ತೆ 2024ರಲ್ಲಿಯೂ ಈ ಉದ್ಯಮಕ್ಕಾಗಿ ನೀತಿಗಳನ್ನು ಪ್ರಕಟಿಸಿದೆ. ಕೈಚಳಕ ಇಲ್ಲಿದೆ, ಆಶ್ರಯವೂ ಇದೆ. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಈ ಕೆಲಸಕ್ಕೆ ಹೋಗುವರು. ಕಿರೀಟ, ರಥ, ಗೋಪುರಗಳನ್ನು ಬರೆದು, ಒಳಗಿನ ನಿಯಮವನ್ನು ಮಾತ್ರ ಎರವಲು ತಂದರೆ ಅದು ವೇಷವಾದೀತೇ ಹೊರತು ಕಥೆಯಾಗಲಾರದು.

ಆದುದರಿಂದ ಅಧ್ಯಾಪಕರು ಆಟವನ್ನು ಹಳಿಯುವ ಬದಲು ಒಂದು ಅಭ್ಯಾಸವನ್ನು ಕೊಟ್ಟು ನೋಡಬಹುದು: ಕರ್ಣನ ಶಾಪವನ್ನು ಆಟದ ನಿಯಮವಾಗಿ ಬರೆಯಿರಿ ಎಂದು. ಹಿಂದಿರುಗಲು ಬಿಡಬೇಕೇ ಬೇಡವೇ ಎಂಬ ಪ್ರಶ್ನೆ ತರಗತಿಯಲ್ಲಿ ಕೂಡಲೇ ಏಳುವುದು. ನಡೆದುಹೋದುದನ್ನು ಅಳಿಸಲಾಗದು, ಅದರ ಋಣವನ್ನು ಮುಂದಿನವರು ಹೊರಬೇಕು ಎಂಬುದೇ ಇತಿಹಾಸದ ಮೊದಲ ಪಾಠ. ಆ ಪಾಠಕ್ಕೆ ಇದಕ್ಕಿಂತ ಹತ್ತಿರದ ಬಾಗಿಲು ಇಂದಿನ ವಿದ್ಯಾರ್ಥಿಗೆ ಬೇರೆ ದೊರೆಯಲಾರದು.