ಗಾಲ್ಫ್ ಬಯಲಿನ ಕರಿಕೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಕೇಳುಗರ ಮುಂದೆ ಸ್ಪೇನ್ ದೇಶದ ಗಾಲ್ಫ್ ಮೈದಾನಗಳ ಮಾತೆತ್ತುವುದು ತುಸು ವಿಚಿತ್ರವೆನಿಸೀತು. ನಾನು ಆ ಆಟ ಆಡಿದವನೂ ಅಲ್ಲ. ಆದರೆ ಆ ಮೈದಾನಗಳ ಹುಲ್ಲಿನ ಪರಿಚಯ ನನಗೆ ಚಿಕ್ಕಂದಿನಿಂದಲೂ ಉಂಟು. ಜಗತ್ತು ಬರ್ಮುಡಾ ಎಂದು ಕರೆಯುವ ಆ ಹುಲ್ಲು ನಮ್ಮ ಕರಿಕೆಯೇ. ಗಣೇಶನಿಗೆ ಏರಿಸುವ ಗರಿಕೆ. ಯಲಬುರ್ಗಾ ಸೀಮೆಯ ಎರೆಹೊಲಕ್ಕೆ ಅದು ಹೊಕ್ಕಿತೆಂದರೆ ಜೋಳ ಮೇಲೇಳದು. ಎರಡೆಕರೆಯ ಕರಿಕೆ ಕಡಿಸಲು ನನ್ನ ತಂದೆ ಒಂದು ಬೇಸಗೆಯಲ್ಲಿ ಜೋಡಿ ಎತ್ತುಗಳನ್ನು ಮಾರಿದರು. ಮೂರು ಮಳೆಗಾಲ ಕಳೆಯುವುದರೊಳಗೆ ಕರಿಕೆ ಮರಳಿ ಬಂತು, ಎತ್ತುಗಳು ಬರಲಿಲ್ಲ.

ಗಾಲ್ಫ್ ಹುಟ್ಟಿದ್ದು ಬೇಸಾಯಕ್ಕೆ ಬಾರದ ನೆಲದಲ್ಲಿ. ಸ್ಕಾಟ್ಲೆಂಡಿನಲ್ಲಿ ಕಡಲಿಗೂ ಹೊಲಗಳಿಗೂ ನಡುವೆ ಮರಳುದಿಣ್ಣೆಗಳ ಪಟ್ಟಿಯಿದೆ. ಕುರಿಗಳು ಮೇದು ಸವೆಸಿದ ಹುಲ್ಲು, ಆಕಾಶದ ಮಳೆ, ಇಷ್ಟೇ ಅಲ್ಲಿನ ಬಂಡವಾಳ. ಜನ ಬಿಲ್ಲುಗಾರಿಕೆ ಮರೆತು ಇದರಲ್ಲೇ ಮುಳುಗಿದರೆಂದು ಅಲ್ಲಿನ ಪಾರ್ಲಿಮೆಂಟು 1457ರಲ್ಲಿ ಆಟವನ್ನೇ ನಿಷೇಧಿಸಿತ್ತು. ಆಂಗ್ಲರೊಡನೆ ಅದು 1829ರಲ್ಲಿ ಕಲ್ಕತ್ತೆಗೆ, 1876ರಲ್ಲಿ ಬೆಂಗಳೂರಿಗೆ ಬಂತು. ಕೋಲಾರದ ಚಿನ್ನದ ಗಣಿಗಳ ದೊರೆಗಳೂ ಒಂದು ಮೈದಾನ ಮಾಡಿಕೊಂಡರು. ಗಣಿಗಳು 2001ರಲ್ಲಿ ಮುಚ್ಚಿದವು. ನಮ್ಮ ದೇಶದ ಒಣ ಊರುಗಳಲ್ಲಿ, ದಂಡಿನ ಠಾಣ್ಯಗಳಲ್ಲಿ, ಕುಳಿಯ ಸುತ್ತ ಹಸಿರು ಹಾಸಲು ನೀರಿಲ್ಲದೆ ಎಣ್ಣೆ ಬೆರೆಸಿದ ಮರಳನ್ನು ತಟ್ಟಿ ಸಮಮಾಡಿ ಆಡುವ ರೂಢಿ ಬೆಳೆಯಿತು. ಅದಕ್ಕೆ ‘ಬ್ರೌನ್’ ಎಂದು ಹೆಸರು. ಹಸಿರಿಲ್ಲದಲ್ಲಿ ಕಂದು. ಈ ಪ್ರಾಮಾಣಿಕತೆ ನನಗೆ ಮೆಚ್ಚಿಗೆಯಾದುದು.

ಇನ್ನು ಸ್ಪೇನಿನ ತೆಂಕಣ ಕರಾವಳಿ. ಕೋಸ್ಟಾ ಡೆಲ್ ಸೋಲ್, ಎಂದರೆ ಸೂರ್ಯನ ತೀರ. ಮೈದಾನಗಳ ದಟ್ಟಣೆಯಿಂದ ಅದಕ್ಕೀಗ ‘ಗಾಲ್ಫ್ ತೀರ’ವೆಂಬ ಅಡ್ಡಹೆಸರೂ ಬಿದ್ದಿದೆ. ಅಲ್ಲಿನ ಮುಖ್ಯ ಪಟ್ಟಣ ಮಾಲಗಾದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 500 ಮಿಲಿಮೀಟರ್. ನಮ್ಮ ಕೊಪ್ಪಳ ಜಿಲ್ಲೆಯದು 600ರ ಆಸುಪಾಸು. ಹೆಚ್ಚುಕಡಿಮೆ ನಮ್ಮಂಥದೇ ಬಯಲುಸೀಮೆ. ಅವರ ಮಳೆ ಚಳಿಗಾಲದ್ದು, ಬೇಸಗೆ ಪೂರ್ತಿ ಒಣಗು. ಅಂಥ ನೆಲದಲ್ಲಿ ವರ್ಷವಿಡೀ ಹಸಿರು ನಿಲ್ಲಿಸಿದ್ದಾರೆಂಬುದೇ ಅಲ್ಲಿನ ಸೋಜಿಗ.

ನೋಡಲೇಬೇಕಾದುದು ಜಿಬ್ರಾಲ್ಟರ್ ಬಂಡೆಗೆ ಸಮೀಪದ ಸೊಟೊಗ್ರಾಂಡೆ. ಅಮೆರಿಕದ ಶಿಲ್ಪಿ ರಾಬರ್ಟ್ ಟ್ರೆಂಟ್ ಜೋನ್ಸ್ 1964ರಲ್ಲಿ ಅಲ್ಲೊಂದು ಮೈದಾನ ರೂಪಿಸಿದ. ಹತ್ತು ವರ್ಷಗಳ ತರುವಾಯ ನೆರೆಯಲ್ಲೇ ಇನ್ನೊಂದು. ಈ ಎರಡನೆಯದೇ ಮುಂದೆ ವಾಲ್ಡೆರಾಮಾ ಎಂದು ಹೆಸರಾಯಿತು. ಬಿರಡೆ ತೊಗಟೆಯ ಹಳೆಯ ಓಕ್ ಮರಗಳನ್ನು ಉಳಿಸಿಕೊಂಡು, ಅವುಗಳ ನಡುವೆ ಇಕ್ಕಟ್ಟಾಗಿ ದಾರಿ ಬಿಡಿಸಿದ್ದಾರೆ. ಚೆಂಡು ಓರೆಯಾದರೆ ಮರ ಬಿಡುವುದಿಲ್ಲ. ಯೂರೋಪು–ಅಮೆರಿಕಗಳ ನಡುವಣ ರೈಡರ್ ಕಪ್ ಪಂದ್ಯ ಯೂರೋಪಿನ ಮುಖ್ಯಭೂಮಿಯಲ್ಲಿ ಮೊದಲ ಸಲ ನಡೆದದ್ದು ಇಲ್ಲಿಯೇ, 1997ರಲ್ಲಿ. ಒಣನಾಡೆಂದು ಬಂದವರಿಗೆ ಭಾರಿ ಮಳೆ ಎದುರಾಗಿ ಆಟ ತಡವಾಯಿತಂತೆ!

ಆದರೆ ಹಸಿರಿಗೆ ಬೆಲೆಯುಂಟು. ಹದಿನೆಂಟು ಕುಳಿಗಳ ಮೈದಾನವೊಂದು ಅಲ್ಲಿನ ಬೇಸಗೆಯಲ್ಲಿ ದಿನಕ್ಕೆ ಹತ್ತು ಲಕ್ಷ ಲೀಟರಿಗೂ ಹೆಚ್ಚು ನೀರು ಕುಡಿಯಬಲ್ಲುದು. ಆಂಡಲೂಸಿಯ ಪ್ರಾಂತದ ಸರ್ಕಾರ 2008ರಲ್ಲಿ ಕಟ್ಟಳೆ ತಂದು, ಮೈದಾನಗಳಿಗೆ ಊರುಗಳ ಬಳಸಿದ ನೀರನ್ನೇ ಶುದ್ಧಮಾಡಿ ಹಾಯಿಸಬೇಕೆಂದಿತು. ಆ ನೀರು ಎಲ್ಲೆಡೆಯೂ ಒಂದೇ ಸಮನೆ ಒದಗುವಂಥದಲ್ಲ. 2023–24ರ ಬರದಲ್ಲಿ ಮಾಲಗಾದ ಪೂರ್ವದ ವಿನ್ಯುಯೆಲಾ ಜಲಾಶಯ ತಳ ಕಂಡು, ಮಾವು, ಬೆಣ್ಣೆಹಣ್ಣಿನ ತೋಟಗಳಿಗೆ ನೀರು ನಿಂತಿತು. ಹಸಿರು ಮೈದಾನಗಳತ್ತ ಆ ರೈತರು ಯಾವ ಕಣ್ಣಿನಿಂದ ನೋಡಿರಬಹುದೆಂದು ಕುಷ್ಟಗಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಜಿಲ್ಲೆಯಲ್ಲಿದ್ದು, ಎಡದಂಡೆ ಕಾಲುವೆಯ ನೀರುಂಡ ಗಂಗಾವತಿಯ ಭತ್ತದ ಗದ್ದೆಗಳನ್ನು ಅವರು ದಿನವೂ ಬಸ್ಸಿನ ಕಿಟಕಿಯಿಂದ ನೋಡಿದವರು.

ನಮ್ಮವರ ಮಕ್ಕಳು ಇಂದು ಯೂರೋಪಿನಲ್ಲಿದ್ದಾರೆ, ಹೆತ್ತವರು ಹೋಗಿಬರುತ್ತಾರೆ. ಆ ತೀರಕ್ಕೆ ಹೋದವರು ಬೇಸಗೆಯಲ್ಲಿ ಹೋಗಲಿ, ಒಣಗಿದ ಗುಡ್ಡದ ಮಗ್ಗುಲಲ್ಲೇ ಆ ಹಸಿರನ್ನು ನೋಡಲಿ. ಸಾಧ್ಯವಾದರೆ ಬಾಗಿ, ನೆಲಕ್ಕಂಟಿದ ಒಂದು ಬಳ್ಳಿಯನ್ನು ಬೆರಳಿನಿಂದ ಎತ್ತಿ ನೋಡಲಿ. ಮಿಶ್ರತಳಿಯಾಗಿ ಎಲೆ ಸಣ್ಣದಾಗಿರಬಹುದು. ಗೆಣ್ಣು ಗೆಣ್ಣಿಗೂ ಬೇರು ಬಿಡುವ ಹಟ ಮಾತ್ರ ಅದೇ. ಕಿತ್ತು ತರುವುದು ಬೇಡ. ಕಾವಲಿನವರು ಬಿಡರು, ನಮ್ಮ ಹೊಲದಲ್ಲಿಯೂ ಅದಕ್ಕೆ ಬರವಿಲ್ಲ.