ಎತ್ತರ ಇದೆ, ಏಣಿ ಎಲ್ಲಿ?

ಸತ್ನಾಮ್ ಸಿಂಗ್ ಅನ್ನೋ ಹೆಸರು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಕ್ರಿಕೆಟಿಗರ ಹೇರ್‌ಕಟ್ ಕೂಡ ಬ್ರೇಕಿಂಗ್ ನ್ಯೂಸ್ ಆಗೋ ದೇಶ ನಮ್ಮದು. ಆದ್ರೆ 2015ರ ಜೂನ್‌ನಲ್ಲಿ ಪಂಜಾಬಿನ ಒಬ್ಬ ರೈತನ ಮಗ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಗೆ ಆಯ್ಕೆಯಾದ. ಹಾಗೆ ಆಯ್ಕೆಯಾದ ಮೊದಲ ಭಾರತೀಯ ಅವನೇ. ಆಗ ಅವನಿಗೆ 19 ವರ್ಷ. ಎತ್ತರ ಏಳಡಿ ಎರಡಂಗುಲ. ಆಮೇಲೆ ಅವನ ಕಥೆ ಏನಾಯ್ತು? ಅದನ್ನೇ ಇವತ್ತು ಬಿಡಿಸಿ ಹೇಳ್ತೀನಿ. ಯಾಕಂದ್ರೆ ಅದು ಪಂಜಾಬಿನ ಕಥೆ ಮಾತ್ರ ಅಲ್ಲ.

ಜಮಖಂಡಿ ತಾಲ್ಲೂಕಿನ ಹುನ್ನೂರನ್ನೇ ತಗೊಳ್ಳಿ. ಅಲ್ಲಿ ಒಬ್ಬ ಹುಡುಗ ಹದಿನಾಲ್ಕಕ್ಕೇ ಆರಡಿ ದಾಟಿದ ಅಂದ್ಕೊಳ್ಳಿ. ಊರಿನ ಹಿರಿಯರು ಏನಂತಾರೆ? "ಭಾರೀ ಆಳ್ತನ ಐತಿ, ತಾಲೀಮಿಗೆ ಹಚ್ಚರಿ" ಅಂತಾರೆ. ಸಹಜ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಅಂದ್ರೆ ಕುಸ್ತಿಯ ಸೀಮೆ. ಗರಡಿ ಮನೆ ಇದೆ, ಪಟ್ಟು ಹೇಳಿಕೊಡೋ ವಸ್ತಾದ ಇದ್ದಾರೆ, ಜಾತ್ರೆ ಬಂದ್ರೆ ನಿಕಾಲಿ ಕುಸ್ತಿ ಇದೆ. ಇನ್ನೂ ಬೆಳೀಬೇಕು ಅಂದ್ರೆ ಕೊಲ್ಹಾಪುರ ಇದೆ. ಮೇಲೆ ಹತ್ತೋಕೆ ಒಂದು ಏಣಿ ಇದೆ, ಮೆಟ್ಟಿಲುಗಳು ಕಣ್ಣಿಗೆ ಕಾಣ್ತವೆ.

ಅದೇ ಹುಡುಗ "ನಾನು ಬಾಸ್ಕೆಟ್‌ಬಾಲ್ ಆಡ್ತೀನಿ" ಅಂದ್ರೆ? ಕಬ್ಬಿನ ಬಿಲ್ಲಿಗೆ ಕಾಯ್ತಾ ಕೂತಿರೋ ಅಪ್ಪ ಕೇಳೋದು ಒಂದೇ ಪ್ರಶ್ನೆ: "ಅದರಾಗ ಹೊಟ್ಟಿ ತುಂಬ್ತೈತೇನಪಾ?" ಈ ಪ್ರಶ್ನೆಗೆ ಉತ್ತರ ಬೇಕು ಅಂದ್ರೆ ಸತ್ನಾಮ್ ಕಥೆಯನ್ನ ಪೂರ್ತಿ ಕೇಳಬೇಕು.

ಅವನ ಊರು ಬರ್ನಾಲಾ ಕಡೆಯ ಬಲ್ಲೋ ಕೇ. ಗೋಧಿ ಬೆಳೆಯೋ ಸಣ್ಣ ಹಳ್ಳಿ. ಅಪ್ಪ ಬಲ್ಬೀರ್ ಸಿಂಗ್ ಕೂಡ ಏಳಡಿ ದಾಟಿದ ಆಸಾಮಿ. ಅವರಿಗೂ ಚಿಕ್ಕವರಿದ್ದಾಗ ಬಾಸ್ಕೆಟ್‌ಬಾಲ್ ಆಡೋ ಆಸೆ ಇತ್ತು. ಆದ್ರೆ ಮನೆಯವರು ಹೊಲ ನೋಡ್ಕೋ ಅಂದ್ರು. ತನಗೆ ಸಿಗದಿದ್ದು ಮಗನಿಗಾದ್ರೂ ಸಿಗಲಿ ಅಂತ ಆ ಅಪ್ಪ ಅವನನ್ನ ಲೂಧಿಯಾನದ ಬಾಸ್ಕೆಟ್‌ಬಾಲ್ ಅಕಾಡೆಮಿಗೆ ಸೇರಿಸಿದರು. ಅಲ್ಲಿ ಕೋಚ್ ಎಸ್. ಸುಬ್ರಮಣಿಯನ್ ಕೈಗೆ ಹುಡುಗ ಸಿಕ್ಕ.

2010ರಲ್ಲಿ ಐಎಂಜಿ-ರಿಲಯನ್ಸ್ ಸ್ಕಾಲರ್‌ಶಿಪ್ ಬಂತು. ದೇಶದಿಂದ ಆರಿಸಿದ ಕೆಲವೇ ಮಕ್ಕಳಲ್ಲಿ ಸತ್ನಾಮ್ ಒಬ್ಬ. ಫ್ಲೋರಿಡಾದ ಐಎಂಜಿ ಅಕಾಡೆಮಿಗೆ ಹೊರಟಾಗ ವಯಸ್ಸು 14, ಇಂಗ್ಲಿಷ್ ಬರ್ತಿರಲಿಲ್ಲ. ಐದು ವರ್ಷ ಅಲ್ಲೇ ಊಟ, ಅಲ್ಲೇ ಪಾಠ, ಅಲ್ಲೇ ಆಟ.

ಈಗ ಎನ್‌ಬಿಎ ಡ್ರಾಫ್ಟ್ ಅಂದ್ರೆ ಏನು ಅಂತ ಅರ್ಥ ಮಾಡ್ಕೊಳ್ಳಿ. ಲೀಗ್‌ನಲ್ಲಿ 30 ತಂಡ. ಆಗ ಎರಡು ಸುತ್ತಿನಲ್ಲಿ ಒಟ್ಟು 60 ಹುಡುಗರನ್ನ ಆರಿಸ್ತಿದ್ದರು. ಮೊದಲ ಸುತ್ತಿನಲ್ಲಿ ಬಂದವನಿಗೆ ಕಾಂಟ್ರಾಕ್ಟ್ ಗ್ಯಾರಂಟಿ. ಎರಡನೇ ಸುತ್ತಿನವನಿಗೆ ಗ್ಯಾರಂಟಿ ಇಲ್ಲ. ಹೆಣ್ಣು ನೋಡಿ ಒಪ್ಪಿದ ಹಾಗೆ, ಮದುವೆ ಆದ ಹಾಗಲ್ಲ. ಸತ್ನಾಮ್‌ನ ಡಲ್ಲಾಸ್ ಮ್ಯಾವರಿಕ್ಸ್ ಆರಿಸಿದ್ದು 52ನೇ ಸ್ಥಾನದಲ್ಲಿ, ಅಂದ್ರೆ ಎರಡನೇ ಸುತ್ತು. ನಮ್ಮ ಪೇಪರ್‌ಗಳು ಆ ದಿನ "ಎನ್‌ಬಿಎಗೆ ಮೊದಲ ಭಾರತೀಯ" ಅಂತ ಬರೆದವು. ತಪ್ಪಲ್ಲ. ಆದ್ರೆ ಎನ್‌ಬಿಎ ಬಾಗಿಲು ತೆರೆದಿತ್ತು ಅಷ್ಟೇ, ಇವನಿನ್ನೂ ಒಳಗೆ ಹೋಗಿರಲಿಲ್ಲ.

ಡಲ್ಲಾಸ್ ಅವನನ್ನ ಕಳಿಸಿದ್ದು ಟೆಕ್ಸಾಸ್ ಲೆಜೆಂಡ್ಸ್ ಅನ್ನೋ ತಂಡಕ್ಕೆ. ಅದು ಕೆಳಗಿನ ಲೀಗ್. ಎರಡರ ನಡುವಿನ ವ್ಯತ್ಯಾಸ ಎಷ್ಟು ಗೊತ್ತಾ? ಆ ವರ್ಷ ಎನ್‌ಬಿಎಯಲ್ಲಿ ಹೊಸ ಆಟಗಾರನಿಗೆ ಕನಿಷ್ಠ ಸಂಬಳ ಸುಮಾರು 5 ಲಕ್ಷ 25 ಸಾವಿರ ಡಾಲರ್. ಕೆಳಗಿನ ಲೀಗ್‌ನಲ್ಲಿ ಸೀಸನ್ನಿಗೆ ಹೆಚ್ಚೂಕಡಿಮೆ 13 ಸಾವಿರದಿಂದ 26 ಸಾವಿರ ಡಾಲರ್. ಅಮೆರಿಕದ ಖರ್ಚಿನಲ್ಲಿ ಅದು ಅಂಥಾ ದೊಡ್ಡ ದುಡ್ಡಲ್ಲ. ಅಲ್ಲಿ ಸತ್ನಾಮ್ ಎರಡು ಸೀಸನ್ ಇದ್ದ. ಅಂಗಳದಲ್ಲಿ ಆಡಿದ್ದು ಕಡಿಮೆ, ಬೆಂಚಿನ ಮೇಲೆ ಕೂತಿದ್ದು ಜಾಸ್ತಿ. ಎನ್‌ಬಿಎಯ ಒಂದು ಪಂದ್ಯವೂ ಅವನ ಪಾಲಿಗೆ ಬರಲಿಲ್ಲ.

ಯಾಕೆ? ಎರಡು ಕಾರಣ ಹೇಳ್ತೀನಿ.

ಒಂದು, ಆಟವೇ ಬದಲಾಗಿತ್ತು. ಬಾಸ್ಕೆಟ್ ಇರೋದು ನೆಲದಿಂದ 3.05 ಮೀಟರ್ ಅಂದ್ರೆ ಹತ್ತಡಿ ಎತ್ತರದಲ್ಲಿ. ಮೊದಲು ಆಜಾನುಬಾಹು ಆಟಗಾರ ಅದರ ಕೆಳಗೆ ನಿಂತ್ರೆ ಅರ್ಧ ಕೆಲಸ ಮುಗೀತಿತ್ತು. ಸತ್ನಾಮ್ ಆಯ್ಕೆಯಾದ ವರ್ಷವೇ ಚಾಂಪಿಯನ್ ಆದ ಗೋಲ್ಡನ್ ಸ್ಟೇಟ್ ವಾರಿಯರ್ಸ್, ದೂರದಿಂದ ಮೂರು ಪಾಯಿಂಟ್ ಎಸೆಯೋ ತಂಡ. ಆಮೇಲೆ ಎಲ್ಲರಿಗೂ ಬೇಕಾಗಿದ್ದು ಓಡೋರು, ದೂರದಿಂದ ಎಸೆಯೋರು. ಬರೀ ಎತ್ತರಕ್ಕೆ ಬೆಲೆ ಇಳೀತು.

ಎರಡನೇದು ಮುಖ್ಯ. ಅಮೆರಿಕದ ಹುಡುಗ ಹದಿನಾಲ್ಕು ತುಂಬೋ ಹೊತ್ತಿಗೆ ಶಾಲೆ, ಕ್ಲಬ್ಬು, ಓಣಿಯ ಕೋರ್ಟು ಅಂತ ವಾರವಾರ ಪಂದ್ಯ ಆಡಿರ್ತಾನೆ. ನಮ್ಮ ಹುಡುಗ ಆ ವಯಸ್ಸಿಗೆ ಅಲ್ಲಿಗೆ ಹೋಗಿ ಶುರು ಮಾಡಿದ. ಕುಸ್ತಿ ಗೊತ್ತಿರೋ ನಮ್ಮ ಜನಕ್ಕೆ ಇದನ್ನ ವಿವರಿಸಬೇಕಾಗಿಲ್ಲ. ಮೈಯಲ್ಲಿ ಎಷ್ಟೇ ಕಸುವಿರಲಿ, ಎದುರಾಳಿ ಇಲ್ಲದೆ ಬರೀ ದಂಡ-ಬೈಠಕ್ ಹೊಡೆದವನು ಪೈಲ್ವಾನ ಆಗ್ತಾನೇನ್ರೀ?

ಸರಿ, ಅಲ್ಲಿ ಆಗಲಿಲ್ಲ, ಊರಿಗೆ ಬಂದು ಆಡಬಹುದಿತ್ತಲ್ಲ? ಎಲ್ಲಿ ಆಡೋದು? ಭಾರತದಲ್ಲಿ ಯುಬಿಎ ಅಂತ ವೃತ್ತಿಪರ ಲೀಗ್ 2015ರಲ್ಲಿ ಶುರುವಾಯ್ತು. ಸತ್ನಾಮ್ ಕೂಡ ಅದರಲ್ಲಿ ಆಡಿದ. 2017ಕ್ಕೆ ಅದರ ಆಟ ನಿಂತುಹೋಯ್ತು. ಅವನು ಮತ್ತೆ ಹೊರಟ, ಕೆನಡಾದ ಸೇಂಟ್ ಜಾನ್ಸ್ ಎಡ್ಜ್ ತಂಡಕ್ಕೆ. ಅದಾದ ಮೇಲೆ 2019ರ ನವೆಂಬರ್‌ನಲ್ಲಿ ಡೋಪ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ. ಹೈಜೆನಮೈನ್ ಅನ್ನೋ ನಿಷೇಧಿತ ವಸ್ತು. ಶಿಕ್ಷೆ ಎರಡು ವರ್ಷ. ಈ ವಸ್ತು ಕೆಲವು ಗಿಡಗಳಲ್ಲೂ ಇರತ್ತೆ, ಅಂಗಡಿಯಲ್ಲಿ ಮಾರೋ ಕೆಲವು ಸಪ್ಲಿಮೆಂಟ್ ಡಬ್ಬಗಳಲ್ಲೂ ಇರತ್ತೆ. ನಿಯಮ ಕಠಿಣ: ನಿನ್ನ ಮೈಯಲ್ಲಿ ಸಿಕ್ಕಿದ್ದಕ್ಕೆ ನೀನೇ ಹೊಣೆ. ಜಿಮ್ಮಿಗೆ ಹೋಗೋ ಮಕ್ಕಳಿಗೆ ಕೇಳದೆ ಡಬ್ಬ ತಂದುಕೊಡೋ ಅಪ್ಪಂದಿರು ಇದನ್ನ ಬರೆದಿಟ್ಕೊಳ್ಳಿ.

ಈಗ ಸತ್ನಾಮ್ ಏನು ಮಾಡ್ತಿದ್ದಾನೆ ಗೊತ್ತಾ? ಕುಸ್ತಿ! ನಮ್ಮ ಮಣ್ಣಿನ ಕುಸ್ತಿ ಅಲ್ಲ. 2021ರಲ್ಲಿ ಎಇಡಬ್ಲ್ಯು ಅನ್ನೋ ಅಮೆರಿಕನ್ ಕಂಪನಿ ಜೊತೆ ಒಪ್ಪಂದ ಮಾಡ್ಕೊಂಡ, 2022ರಲ್ಲಿ ಟೀವಿ ರಿಂಗಿಗೆ ಬಂದ. ಅಲ್ಲಿ ಯಾರು ಗೆಲ್ಲಬೇಕು ಅನ್ನೋದು ಮೊದಲೇ ತೀರ್ಮಾನ ಆಗಿರತ್ತೆ. ಅದು ದುಡಿಮೆ, ಅದರಲ್ಲಿ ಅವಮಾನ ಏನಿಲ್ಲ. ಆದ್ರೆ ಬಾಸ್ಕೆಟ್‌ಬಾಲ್‌ಗೆ ಅಂತ ಸಾಕಿದ ಎತ್ತರವನ್ನ ಕೊನೆಗೆ ಬಳಸಿಕೊಂಡಿದ್ದು ಬೇರೆಯವರು.

ಹಾಗಾದ್ರೆ ಹುನ್ನೂರಿನ ಅಪ್ಪ ಮಗನಿಗೆ ಬೇಡ ಅನ್ನಬೇಕಾ? ನಾನು ಹಾಗೆ ಹೇಳಲ್ಲ. ನಮ್ಮಲ್ಲಿ ಬಾಸ್ಕೆಟ್‌ಬಾಲ್ ಆಡೋರ ಹೊಟ್ಟೆ ತುಂಬಿಸಿದ್ದು ಲೀಗ್ ಅಲ್ಲ, ನೌಕರಿ. ರೈಲ್ವೆ, ಒಎನ್‌ಜಿಸಿ, ಬ್ಯಾಂಕು. ಬೆಂಗಳೂರಿನ ವಿಜಯಾ ಬ್ಯಾಂಕ್ ತಂಡ ಒಂದು ಕಾಲಕ್ಕೆ ಹೆಸರುವಾಸಿ. 2019ರ ಏಪ್ರಿಲ್‌ನಲ್ಲಿ ಆ ಬ್ಯಾಂಕೇ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನ ಆಯ್ತು. ನಮ್ಮ ಕ್ರೀಡಾ ಇಲಾಖೆ ವಸತಿನಿಲಯಗಳನ್ನ ನಡೆಸತ್ತೆ, ಬೆಂಗಳೂರಿನ ವಿದ್ಯಾನಗರದಲ್ಲಿ ಈ ಆಟಕ್ಕೆ ಒಳ್ಳೆ ತರಬೇತಿ ಇದೆ. 2017ರಲ್ಲಿ ಇದೇ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಮ್ಮ ಹೆಣ್ಣುಮಕ್ಕಳು ಕಜಕಿಸ್ತಾನವನ್ನ 75-73ರಿಂದ ಸೋಲಿಸಿ ಏಷ್ಯಾ ಕಪ್‌ನ ಬಿ ಡಿವಿಷನ್ ಗೆದ್ದರು. ಆಡೋ ಶಕ್ತಿ ಇಲ್ಲ ಅಂತ ಯಾರು ಹೇಳ್ತಾರೆ?

ಅಪ್ಪನಿಗೆ ನನ್ನ ಮಾತು ಇಷ್ಟೇ: ಆಡಿಸಿ, ಆದ್ರೆ ಓದು ಬಿಡಿಸಬೇಡಿ. ಡಿಗ್ರಿ ಇದ್ರೆ ಸ್ಪೋರ್ಟ್ಸ್ ಕೋಟಾದ ನೌಕರಿಗೂ ಬೆಲೆ ಜಾಸ್ತಿ, ಮೊಣಕಾಲು ಕೈಕೊಟ್ಟ ದಿನಕ್ಕೂ ದಾರಿ ಇರತ್ತೆ.

ಸರ್ಕಾರಕ್ಕೂ, ಫೆಡರೇಷನ್ನಿಗೂ ಹೇಳೋದು ಬೇರೆ ಇದೆ. 2014ರಲ್ಲಿ ಪ್ರೊ ಕಬಡ್ಡಿ ಬಂತು, ಹಳ್ಳಿ ಹುಡುಗರಿಗೆ ದುಡ್ಡೂ ಸಿಕ್ತು, ಮರ್ಯಾದೆನೂ ಸಿಕ್ತು. ಯಾಕೆ? ಕಬಡ್ಡಿ ಆಡೋ ಅಂಗಳ ಪ್ರತಿ ಊರಲ್ಲೂ ಮೊದಲೇ ಇತ್ತು. ಟೀವಿ ಲೀಗ್ ಅದರ ಮೇಲೆ ಕೂತಿತು. ಬಾಸ್ಕೆಟ್‌ಬಾಲ್‌ನಲ್ಲಿ ನಾವು ಉಲ್ಟಾ ಮಾಡ್ತೀವಿ. ಮೇಲೆ ಲೀಗ್ ಕಟ್ಟಿ ಕೆಳಗೆ ಅಂಗಳ ಹುಡುಕ್ತೀವಿ. 2022ರಲ್ಲಿ ಐಎನ್‌ಬಿಎಲ್ ಅಂತ ಮತ್ತೊಂದು ಲೀಗ್ ಬಂತು, ಬೆಂಗಳೂರು ಹೆಸರಿನ ತಂಡವೂ ಅದರಲ್ಲಿ ಆಡಿತು. ಸಂತೋಷ. ಆದ್ರೆ ಜಮಖಂಡಿ, ಮುಧೋಳದ ಶಾಲೆಗಳಿಗೆ ಬೇಕಾಗಿರೋದು 28 ಮೀಟರ್ ಉದ್ದ, 15 ಮೀಟರ್ ಅಗಲದ ಒಂದು ಗಟ್ಟಿ ನೆಲ, ಎರಡು ಕಂಬ, ಕಲಿಸೋಕೆ ಒಬ್ಬ ಮೇಷ್ಟ್ರು, ಮತ್ತೆ ವಾರಕ್ಕೊಂದು ಪಂದ್ಯ.

ಎತ್ತರವನ್ನ ದೇವರು ಕೊಡ್ತಾನೆ, ಅಪ್ಪ-ಅಮ್ಮ ಕೊಡ್ತಾರೆ. ಪಂದ್ಯಗಳನ್ನ ನಾವೇ ಕೊಡಬೇಕು.